ಕಾಫಿಯ ಕಾಂಡಕೊರಕವೂ ಮರದ ನೆರಳೂ

ಮರಗಿಡಗಳಿಗೂ ಪ್ರಾಣವುಂಟು, ಪ್ರಾಣವುಳ್ಳುದಕ್ಕೆ ರೋಗವುಂಟು, ರೋಗಕ್ಕೆ ನಿದಾನವೂ ಚಿಕಿತ್ಸೆಯೂ ಉಂಟು ಎಂಬ ಭಾವನೆ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಆರನೆಯ ಶತಮಾನದ ವರಾಹಮಿಹಿರಾಚಾರ್ಯನು ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವನು. ಸುರಪಾಲನ ಹೆಸರಿನಲ್ಲಿರುವ ವೃಕ್ಷಾಯುರ್ವೇದವು ಇದೇ ವಿಷಯವನ್ನು ಕುರಿತ ಸ್ವತಂತ್ರ ಗ್ರಂಥ. ಆಕ್ಸ್‌ಫರ್ಡಿನ ಬಾಡ್ಲಿಯನ್ ಪುಸ್ತಕಭಂಡಾರದಲ್ಲಿದ್ದ ಅದರ ಹಸ್ತಪ್ರತಿಯು 1996ರಲ್ಲಿ ಸಿಕಂದರಾಬಾದಿನಿಂದ ಅಚ್ಚಾಗಿ ಹೊರಬಂದಿತು. ಕನ್ನಡದಲ್ಲಿ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ಲೋಕೋಪಕಾರದಲ್ಲಿಯೂ ವೃಕ್ಷಾಯುರ್ವೇದದ ಪ್ರಕರಣವೊಂದುಂಟು.

ವರಾಹಮಿಹಿರನು ಮರಗಳ ರೋಗಕ್ಕೆ ಶೀತ, ವಾತ, ಆತಪ ಎಂಬ ಮೂರು ಕಾರಣಗಳನ್ನು ಹೇಳುತ್ತಾನೆ. ಎಲೆ ಬಿಳಿಚುವುದು, ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ಇವು ರೋಗದ ಲಕ್ಷಣಗಳು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಕ್ರಿಮಿಯನ್ನು ಆತನು ರೋಗದ ಮೂಲಕಾರಣಗಳಲ್ಲಿ ಎಣಿಸಲಿಲ್ಲ; ಮೂಲವನ್ನು ಗಾಳಿ, ಚಳಿ, ಬಿಸಿಲುಗಳಲ್ಲಿ ಕಂಡನು. ಮೂರನೆಯದಾದ ಆತಪದ ಮಾತು ಎಷ್ಟು ಸಾರವತ್ತಾದುದೆಂಬುದನ್ನು ಕೊಡಗು ಮತ್ತು ಮಲೆನಾಡಿನ ಕಾಫಿ ಸೀಮೆಯು ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಬೆಲೆ ತೆತ್ತು ಕಲಿಯಬೇಕಾಯಿತು. ಆ ಕಲಿಕೆಯ ಇತಿಹಾಸವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಕಾಡಿನ ನೆರಳಿನಲ್ಲಿ ಕಾಫಿ

ಬಾಬಾ ಬುಡನ್ ಎಂಬ ಫಕೀರರು ಅರಬ್ಬೀ ದೇಶದಿಂದ ಏಳು ಕಾಫಿಬೀಜಗಳನ್ನು ತಂದು ಚಂದ್ರದ್ರೋಣಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವು ಸರ್ವವಿದಿತವಾದುದು. ಅನಂತರ ಬಹುಕಾಲ ಕಾಫಿಯು ಈ ನಾಡಿನಲ್ಲಿ ಹಿತ್ತಲಿನ ಗಿಡವಾಗಿಯೇ ಉಳಿದಿತ್ತು. ಮನೆಯ ಹಿಂದಣ ಕಾನಿನಲ್ಲಿ ಕೆಳಗಿನ ಪೊದೆಯನ್ನಷ್ಟೆ ಸವರಿ, ಹೆಮ್ಮರಗಳನ್ನು ಇದ್ದಂತೆಯೇ ಬಿಟ್ಟು, ಅವುಗಳ ಅಡಿಯಲ್ಲಿ ರೈತರು ಗಿಡಗಳನ್ನು ನೆಡುತ್ತಿದ್ದರು. ಫಸಲು ಅಷ್ಟಕ್ಕಷ್ಟೆ, ಆದರೆ ಗಿಡವು ತಲೆಮಾರುಗಳವರೆಗೆ ಬಾಳುತ್ತಿತ್ತು. ಸುಮಾರು 1830ರಲ್ಲಿ ಕ್ಯಾನನ್ ಎಂಬ ಯೂರೋಪಿಯನ್ನನು ಬಾಬಾಬುಡನ್ ಬೆಟ್ಟಗಳಿಗೆ ದಕ್ಷಿಣದ ಎತ್ತರದ ಸಾಲಿನಲ್ಲಿ ತೋಟವನ್ನು ಹೂಡಿದಾಗಲೂ ಮೂಲದ ಕಾಡಿನ ನೆರಳನ್ನು ಉಳಿಸಿಕೊಂಡೇ ಗಿಡ ನೆಟ್ಟನು. 1843ರ ಹೊತ್ತಿಗೆ ಮಂಜರಾಬಾದಿನ ದಕ್ಷಿಣ ಭಾಗದಲ್ಲಿ ಗ್ರೀನ್ ಎಂಬುವನು ತೋಟ ತೆರೆದನು.

ಕಾಫಿಯು ತನ್ನ ಜನ್ಮಭೂಮಿಯಾದ ಇಥಿಯೋಪಿಯದ ಬೆಟ್ಟಗಳಲ್ಲಿ ಎತ್ತರದ ಮರಗಳ ಕೆಳಗೆ ಬೆಳೆಯುವ ಕಿರುಮರ. ರೈತರು ಇದನ್ನು ಯಾವ ಪುಸ್ತಕದಲ್ಲಿಯೂ ಓದಿದವರಲ್ಲ. ಮಲೆನಾಡಿನ ಏಲಕ್ಕಿ ಮೆಣಸುಗಳ ಪದ್ಧತಿಯನ್ನೇ ಇದಕ್ಕೂ ಅನ್ವಯಿಸಿದರು, ಅದು ಒಪ್ಪಿತು.

ಕೊಡಗಿನಲ್ಲಿ ಬಯಲು ಮಾಡಿದ ತೋಟಗಳು

ಕೊಡಗು 1834ರಲ್ಲಿ ಇಂಗ್ಲಿಷರ ವಶವಾಯಿತು. 1854ರಲ್ಲಿ ಫೌಲರ್ ಎಂಬುವನು ಮಡಿಕೇರಿಯ ಬಳಿ ಮೊದಲ ಯೂರೋಪಿಯನ್ ತೋಟವನ್ನು ತೆರೆದನು. 1855ರಲ್ಲಿ ಸಂಪಾಜೆಯ ಘಟ್ಟದಲ್ಲಿ ಮ್ಯಾನ್, 1856ರಲ್ಲಿ ಪೆರುಂಬಾಡಿಯ ಘಟ್ಟದಲ್ಲಿ ಮ್ಯಾಕ್ಸ್‌ವೆಲ್ ಇವರು ಅವನನ್ನು ಅನುಸರಿಸಿದರು. 1857ರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಆನಂದರಾವ್ ಕೌಂಡಿನ್ಯರು ಪೂರ್ವದ ಬಿದಿರು ಸೀಮೆಯಲ್ಲಿ ಆನಂದಪುರವೆಂಬ ಗ್ರಾಮವನ್ನು ಸ್ಥಾಪಿಸಿ ಅಲ್ಲಿಯೂ ಕಾಫಿ ಬೆಳೆಸಿದರು. ಹತ್ತು ವರ್ಷಗಳೊಳಗಾಗಿ ಘಟ್ಟದ ಇಳಿಜಾರುಗಳೆಲ್ಲ ತೋಟಗಳಾದುವು.

ಈ ತೋಟಗಳಲ್ಲಿ ಬಹುಪಾಲು ಸಿಂಹಳದಲ್ಲಿ ಆಗ ರೂಢಿಯಲ್ಲಿದ್ದ ಕ್ರಮವನ್ನು ಅನುಸರಿಸಿದುವು. ಆ ಕ್ರಮದಲ್ಲಿ ಕಾಡನ್ನು ಪೂರ್ತಿಯಾಗಿ ಕಡಿದು, ಬಿದ್ದ ಮರವನ್ನು ಬೇಸಗೆಯಲ್ಲಿ ಸುಟ್ಟು, ಬೂದಿ ಬೆರೆತ ಬರಿನೆಲದಲ್ಲಿ ಸಾಲುಸಾಲಾಗಿ ಗಿಡ ನೆಡುವರು. ಮೇಲೆ ನೆರಳೆಂಬುದೇ ಇಲ್ಲ. ಶತಮಾನಗಳ ತರಗೆಲೆ ಕೊಳೆತು ಕೂಡಿದ್ದ ಮಣ್ಣಿನ ಬಲದಿಂದಲೂ ಯಥೇಚ್ಛವಾದ ಬೆಳಕಿನಿಂದಲೂ ಗಿಡಗಳು ಬೇಗ ಬೆಳೆದು ಕೊಂಬೆ ಬಾಗುವಂತೆ ಫಲವಿತ್ತುವು. ನೆರಳಿನಡಿಯಲ್ಲಿ ಮೆಲ್ಲಮೆಲ್ಲನೆ ಬರುತ್ತಿದ್ದ ರೈತರ ಫಸಲನ್ನು ಕಂಡು ಹೊಸ ತೋಟಗಾರರು ಹೀಗಳೆದುದು ಆಶ್ಚರ್ಯವಲ್ಲ. ಆದರೆ ಆ ಸಮೃದ್ಧಿಯು ಕೂಡಿಟ್ಟ ಗಂಟನ್ನು ಕರಗಿಸಿ ತಿನ್ನುವವನ ಸಮೃದ್ಧಿಯಾಗಿತ್ತು. ಮುಂಗಾರಿನ ಹೊಡೆತಕ್ಕೆ ಕಡಿದಾದ ಇಳಿಜಾರುಗಳ ಮೇಲ್ಮಣ್ಣು ಕೊಚ್ಚಿಹೋಗತೊಡಗಿತು. ಬೇಸಗೆಯಲ್ಲಿ ಬೇರುಗಳು ಕಾದ ನೆಲದಲ್ಲಿ ನಿಂತುವು.

ಹುಳುವಿನ ಆಗಮನ

1865-66ರಲ್ಲಿ ದಕ್ಷಿಣ ಭಾರತದ ಅನೇಕ ಕಡೆಗಳಲ್ಲಿ ಮಳೆ ತಪ್ಪಿ ಬರ ತಲೆದೋರಿತು. ಅದೇ ವರ್ಷಗಳಲ್ಲಿ ಕೊಡಗು, ಮೈಸೂರು, ವಯನಾಡುಗಳ ತೋಟಗಳಿಂದ ಒಂದೇ ಬಗೆಯ ದೂರುಗಳು ಕೇಳಿಬಂದುವು. ಹಸುರಾಗಿದ್ದ ಗಿಡದ ಎಲೆಗಳು ಹಳದಿಯಾಗಿ ಜೋತುಬೀಳುವುವು. ಕೊಂಬೆಗಳು ತುದಿಯಿಂದ ಒಣಗುವುವು. ಕೈಯಿಂದ ಜಗ್ಗಿದರೆ ಕಾಂಡವು ನಡುವೆಯೇ ಮುರಿದುಬೀಳುವುದು. ಮುರಿದ ಕಾಂಡದೊಳಗೆ ಹುಡಿ ತುಂಬಿದ ಸುರಂಗಗಳೂ ಬಿಳಿಯ ಹುಳುಗಳೂ ಕಾಣುವುವು. ತೋಟಗಾರರು ಇದನ್ನು ಬೋರರ್ ಎಂದು ಕರೆದರು. ಮಲೆನಾಡಿನ ಜನರ ಬಾಯಲ್ಲಿ ಇಂದಿಗೂ ಅದೇ ಹೆಸರು ಉಳಿದಿದೆ. ಗ್ರಂಥಗಳಲ್ಲಿ ಅದಕ್ಕೆ ಬಿಳಿ ಕಾಂಡಕೊರಕವೆಂದು ಹೆಸರು. ಷೆವ್ರೋಲಾ ಎಂಬ ಫ್ರೆಂಚ್ ಕೀಟಶಾಸ್ತ್ರಜ್ಞನು 1863ರಲ್ಲಿ, ಅಂದರೆ ಈ ವಿಪತ್ತಿಗೆ ಎರಡು ಮೂರು ವರ್ಷ ಮೊದಲಷ್ಟೆ, ಇದನ್ನು ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್ ಎಂದು ನಾಮಕರಣ ಮಾಡಿದ್ದನು.

ಇದರ ಜೀವನಕ್ರಮವನ್ನು ತಿಳಿಯದೆ ಮುಂದಣ ಇತಿಹಾಸವು ಅರ್ಥವಾಗದು. ದೊಡ್ಡದಾದ ಮೇಲೆ ಇದು ಅರ್ಧ ಅಂಗುಲದ ಆಚೀಚೆ ಉದ್ದವುಳ್ಳ ಸಪುರವಾದ ದುಂಬಿ. ಕರಿಯ ರೆಕ್ಕೆಗಳ ಮೇಲೆ ಬಿಳಿಯ ಪಟ್ಟೆಗಳಿರುವುವು. ವರ್ಷಕ್ಕೆ ಎರಡು ಹಾರಾಟಗಳು: ಏಪ್ರಿಲ್-ಮೇ ತಿಂಗಳುಗಳಲ್ಲಿ ಒಂದು, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಂದು. ಹೆಣ್ಣುದುಂಬಿಯು ಪ್ರಖರವಾದ ಬಿಸಿಲಿನಲ್ಲಿ ಚುರುಕಾಗಿ ಓಡಾಡುತ್ತ, ಬಿಸಿಲು ತಾಗುವ ಕಾಂಡದ ಮತ್ತು ದಪ್ಪ ಕೊಂಬೆಗಳ ತೊಗಟೆಯ ಬಿರುಕುಗಳನ್ನು ಹುಡುಕಿ, ಐವತ್ತರಿಂದ ನೂರರವರೆಗೆ ಮೊಟ್ಟೆಗಳನ್ನು ಅಲ್ಲಲ್ಲಿ ಅಡಗಿಸುತ್ತದೆ. ಸುಮಾರು ಹತ್ತು ದಿನಗಳಲ್ಲಿ ಮೊಟ್ಟೆ ಒಡೆಯುತ್ತದೆ. ಮರಿಹುಳುವು ಮೊದಲು ತೊಗಟೆಯ ಕೆಳಗೇ ಮೆಲ್ಲುತ್ತ ಸಾಗುವುದರಿಂದ ಹೊರಗೆ ಉಬ್ಬಿದ ಗೆರೆಗಳು ಏಳುವುವು. ಅನಂತರ ಅದು ಮರದ ತಿರುಳಿಗೆ ಇಳಿದು, ಒಂಬತ್ತು ಹತ್ತು ತಿಂಗಳು ಅಲ್ಲಿಯೇ ಇದ್ದು, ಕೊರೆದ ಹುಡಿಯನ್ನು ತನ್ನ ಹಿಂದೆಯೇ ಗಟ್ಟಿಯಾಗಿ ತುಂಬುತ್ತ ಬೆಳೆಯುವುದು. ಏಳೆಂಟು ವರ್ಷದ ಎಳೆಯ ಗಿಡವು ಒಂದೇ ವರ್ಷದಲ್ಲಿ ಸಾಯಬಹುದು. ಹಳೆಯ ಗಿಡವು ಕೆಲವು ಕಾಲ ತಾಳಿಕೊಂಡು ಕೃಶವಾಗುತ್ತ ಹೋಗುವುದು. ತಿರುಳಿನೊಳಗೆ ಹೊಕ್ಕ ಹುಳುವಿಗೆ ಹೊರಗಿನ ಯಾವ ಔಷಧವೂ ತಲುಪದು. ಆದಕಾರಣ ಈ ರೋಗದಲ್ಲಿ ಪ್ರತಿಬಂಧವೇ ಮುಖ್ಯ; ಚಿಕಿತ್ಸೆಗೆ ಅವಕಾಶ ಬಹಳ ಅಲ್ಪ.

ಬಿಡಿಯ ವಿಚಾರಣೆ

ತೋಟಗಾರರ ಮೊರೆಯನ್ನು ಕೇಳಿ ಮದರಾಸು ಸರ್ಕಾರವು ಜಾರ್ಜ್ ಬಿಡಿ ಎಂಬ ಸೇನಾವೈದ್ಯನನ್ನು ಈ ವಿಚಾರಣೆಗೆ ನೇಮಿಸಿತು. ಸಸ್ಯಶಾಸ್ತ್ರದಲ್ಲಿ ಪರಿಶ್ರಮವಿದ್ದ ಈತನು ಮುಂದೆ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಅಧಿಕಾರಿಯಾದನು. ಕೊಡಗು, ಮೈಸೂರು, ವಯನಾಡುಗಳ ತೋಟಗಳನ್ನು ಕುರಿತು ಅವನು ಬರೆದ ವರದಿಯು 1869ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ರೋಗ ಬಂದಾಗ ಔಷಧವನ್ನು ಕೇಳುವುದು ಲೋಕರೂಢಿ. ಬಿಡಿಯ ವರದಿಯು ಔಷಧಕ್ಕಿಂತ ಹೆಚ್ಚಾಗಿ ತೋಟದ ಸ್ಥಿತಿಯನ್ನೇ ಪ್ರಶ್ನಿಸಿತು. ನೆರಳಿಲ್ಲದೆ ಬಿಸಿಲಿಗೆ ಬಯಲಾದ ತೋಟಗಳೇ ಹುಳುವಿಗೆ ಹೆಚ್ಚು ತುತ್ತಾಗಿರುವುದನ್ನು ಕಂಡು, ನೆರಳಿನ ಮರಗಳನ್ನು ಮತ್ತೆ ಬೆಳೆಸುವುದೇ ಮುಖ್ಯವಾದ ಪರಿಹಾರವೆಂದು ಅವನು ಸೂಚಿಸಿದನು.

ನೆರಳು ಹೇಗೆ ರಕ್ಷಿಸುತ್ತದೆ ಎಂಬುದು ಹುಳುವಿನ ಸ್ವಭಾವದಿಂದಲೇ ಸ್ಪಷ್ಟವಾಗುತ್ತದೆ. ದುಂಬಿಗೆ ಬಿಸಿಲು ಬೇಕು. ನೆರಳಿರುವ ಕಾಂಡದ ಮೇಲೆ ಅದು ಮೊಟ್ಟೆಯಿಡಲು ಹಿಂಜರಿಯುವುದು. ಇದು ಮೊದಲನೆಯದು. ಬಿಸಿಲಿಗೆ ಒಣಗಿ ಸೀಳಿದ ತೊಗಟೆಯಲ್ಲಿ ಮೊಟ್ಟೆಗೆ ಮನೆಯುಂಟು. ತೇವವುಳ್ಳ ತೊಗಟೆಯಲ್ಲಿ ಅಂತಹ ಮನೆಗಳು ಕಡಿಮೆ. ಇದು ಎರಡನೆಯದು. ಮೇಲಿನ ಮರಗಳ ತರಗು ಬಿದ್ದು ಕೊಳೆತು ನೆಲವನ್ನು ತಂಪಾಗಿಯೂ ಸಾರವತ್ತಾಗಿಯೂ ಇಡುವುದರಿಂದ ಗಿಡವು ಬೇಸಗೆಯನ್ನು ಬಲಗುಂದದೆ ಕಳೆಯುತ್ತದೆ. ಇದು ಮೂರನೆಯದು. ಇವಲ್ಲದೆ ಮರಗಳಿರುವಲ್ಲಿ ಮರಕುಟಿಗ ಮೊದಲಾದ ಹಕ್ಕಿಗಳೂ, ಹುಳುವಿನ ಮೈಯಲ್ಲಿಯೇ ತಮ್ಮ ಮೊಟ್ಟೆಯಿಡುವ ಕಣಜದ ಜಾತಿಯ ಸಣ್ಣ ಕೀಟಗಳೂ ನೆಲೆಸುವುವು. ಕಾಡನ್ನು ಕಡಿದವನು ತನ್ನ ಕಾವಲುಗಾರರನ್ನು ತಾನೇ ಓಡಿಸಿದಂತಾಯಿತು.

ಮಂಜರಾಬಾದಿನ ಅನುಭವ

ಮೈಸೂರು ಸೀಮೆಯಲ್ಲಿಯೂ ಹುಳುವಿನ ಕಾಟ ಕಡಿಮೆಯಾಗಿರಲಿಲ್ಲ. ಚಿಕ್ಕಮಗಳೂರಿನ ಹೆಸರಿನ ಮೊದಲ ಭಾಗದಿಂದ ಚಿಕ್ ಎಂದು ಕರೆಯಲ್ಪಡುತ್ತಿದ್ದ ಹಳೆಯ ತಳಿಯು ಈ ಏಟಿನಿಂದ ಚೇತರಿಸಿಕೊಳ್ಳಲಾರದೆ ಹೋಯಿತು. ಮುಂದೆ ಕೊಡಗಿನಿಂದ ಬೀಜವನ್ನು ತಂದು ನೆಟ್ಟುದರಿಂದ ಕೂರ್ಗ್ ಎಂಬ ತಳಿಯು ಮೈಸೂರಿನ ತೋಟಗಳಲ್ಲಿ ನೆಲೆಗೊಂಡಿತು.

1850ರ ದಶಕದ ಮಧ್ಯದಲ್ಲಿ ಮಂಜರಾಬಾದಿಗೆ ಬಂದು ಬಹುಕಾಲ ತೋಟ ನಡೆಸಿದ ರಾಬರ್ಟ್ ಎಲಿಯಟ್ ಎಂಬುವನು 1894ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನೆರಳಿನ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಯಾವ ಮರದ ನೆರಳು ಒಳ್ಳೆಯದು, ಯಾವುದು ಕೆಟ್ಟದು ಎಂಬುದನ್ನು ಆತನು ವಿಂಗಡಿಸುವಾಗ ಬಸರಿ, ಗೋಣಿ ಮುಂತಾದ ಕನ್ನಡದ ಹೆಸರುಗಳನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದಿರುವುದು ಕುತೂಹಲಕರವಾಗಿದೆ. ಆ ಜ್ಞಾನವು ಯಾರ ಬಳಿಯಿಂದ ಬಂದುದೆಂಬುದಕ್ಕೆ ಹೆಸರುಗಳೇ ಸಾಕ್ಷಿ. ಅಶ್ವತ್ಥ, ಆಲ, ಅತ್ತಿಗಳ ಕುಲಕ್ಕೆ ಸೇರಿದ ಈ ಮರಗಳು ಎತ್ತರದಲ್ಲಿ ಕೊಡೆಯಂತೆ ಹರಡಿ, ಕೆಳಗೆ ಗಾಳಿಯಾಡುವುದಕ್ಕೆ ಎಡೆಗೊಟ್ಟು, ಹೇರಳವಾಗಿ ಎಲೆಯುದುರಿಸುವುವು. ಇವುಗಳ ಕೆಳಗೆ ಹಾಲವಾಣದಂತಹ ಬೇಗ ಬೆಳೆಯುವ ಮರಗಳನ್ನು ನೆಟ್ಟು ಕೆಳನೆರಳನ್ನು ಒದಗಿಸುವುದು ರೂಢಿಗೆ ಬಂದಿತು. ಹೀಗೆ ಎರಡು ಅಂತಸ್ತಿನ ನೆರಳು ಈ ಸೀಮೆಯ ಕಾಫಿಯ ಲಕ್ಷಣವೇ ಆಯಿತು.

ಸಿಂಹಳದ ಗತಿಯನ್ನು ಇದರೊಡನೆ ಹೋಲಿಸಬಹುದು. 1869ರಲ್ಲಿ ಅಲ್ಲಿ ಎಲೆಯ ತುಕ್ಕುರೋಗ ಕಾಣಿಸಿಕೊಂಡಿತು. ಬೆಟ್ಟದಿಂದ ಬೆಟ್ಟಕ್ಕೆ ಒಂದೇ ಹಾಸಾಗಿ ಹಬ್ಬಿದ್ದ ಕಾಫಿಯು ಎರಡು ದಶಕಗಳೊಳಗಾಗಿ ಬಹುತೇಕ ನಾಶವಾಗಿ ಆ ನೆಲವೆಲ್ಲ ಚಹಕ್ಕೆ ಹೋಯಿತು. ಅದೇ ರೋಗವು ನಮ್ಮ ಸೀಮೆಗೂ ಬಂದಿತು, ಹಾನಿಯನ್ನೂ ಮಾಡಿತು. ಆದರೆ ಕಾಫಿಯು ಇಲ್ಲಿಂದ ಅಳಿಯಲಿಲ್ಲ. ಇಂದಿಗೂ ಭಾರತದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕರ್ನಾಟಕದ್ದು. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ನೆರಳಿಗೂ ಒಂದು ಸ್ಥಾನವುಂಟು.

ಮಿತಿಯ ವಿಚಾರ

ನೆರಳು ಒಳ್ಳೆಯದೆಂದ ಮಾತ್ರಕ್ಕೆ ಎಷ್ಟಿದ್ದರೂ ಒಳ್ಳೆಯದೆಂದು ತಿಳಿಯಬಾರದು. ಮಳೆಗಾಲದಲ್ಲಿ ದಟ್ಟವಾದ ನೆರಳಿನ ಕೆಳಗೆ ಗಾಳಿಬೆಳಕುಗಳಿಲ್ಲದೆ ಎಲೆಯೂ ಕಾಯಿಯೂ ಕಪ್ಪಾಗಿ ಕೊಳೆಯುವುವು. ರೈತರು ಇದನ್ನು ಕೊಳೆರೋಗವೆಂದು ಕರೆದರು. ಕುಕ್ ಎಂಬ ಇಂಗ್ಲಿಷ್ ಪಂಡಿತನು 1876ರಲ್ಲಿ ಈ ರೋಗದ ಶಿಲೀಂಧ್ರಕ್ಕೆ ಶಾಸ್ತ್ರೀಯನಾಮವನ್ನಿಡುವಾಗ ಕನ್ನಡದ ಕೊಳೆರೋಗ ಶಬ್ದವನ್ನೇ ತೆಗೆದುಕೊಂಡನು. ಹೀಗೆ ಬಿಸಿಲು ಹೆಚ್ಚಾದರೆ ಕೊರಕ, ನೆರಳು ಹೆಚ್ಚಾದರೆ ಕೊಳೆ. ಎರಡರ ನಡುವೆ ಸಮವನ್ನು ಕಾಯುವುದೇ ತೋಟಗಾರನ ವಿದ್ಯೆ. ಮಳೆಗಾಲಕ್ಕೆ ಮೊದಲು ಮರಗಳ ಕೊಂಬೆಗಳನ್ನು ಸವರುವ ಕೆಲಸಕ್ಕೆ ಮಲೆನಾಡಿನಲ್ಲಿ ಮರಗಸಿ ಎಂದು ಹೆಸರು. ಎಷ್ಟು ಕಡಿಯಬೇಕು, ಎಷ್ಟು ಉಳಿಸಬೇಕು ಎಂಬುದನ್ನು ಮರದ ಮೇಲೇರಿದ ಆಳು ಕಣ್ಣಳತೆಯಿಂದಲೇ ನಿರ್ಣಯಿಸುವನು. ಒಂದು ವರ್ಷ ಅವನು ಕೈಮೀರಿ ಕಡಿದರೆ ಅದರ ಲೆಕ್ಕವನ್ನು ಮುಂದಿನ ಬೇಸಗೆಯಲ್ಲಿ ದುಂಬಿಯು ಒಪ್ಪಿಸುವುದು.

ವಿಷದ ಕಾಲ

ಕಾಫಿಯ ರೋಗಗಳನ್ನು ಶಾಸ್ತ್ರೀಯವಾಗಿ ಪರಿಶೀಲಿಸುವುದಕ್ಕಾಗಿ ಮೈಸೂರು ಸರ್ಕಾರವು 1925ರಲ್ಲಿ ಬಾಳೆಹೊನ್ನೂರಿನ ಬಳಿ ಪ್ರಯೋಗಕ್ಷೇತ್ರವನ್ನು ಸ್ಥಾಪಿಸಿತು. ಆಗ ವ್ಯವಸಾಯ ಇಲಾಖೆಯ ನಿರ್ದೇಶಕರಾಗಿದ್ದವರು ಕೆನಡಾ ದೇಶದ ಲೆಸ್ಲಿ ಕೋಲ್ಮನ್. ಈಗ ಅದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿದೆ.

ಎರಡನೆಯ ಮಹಾಯುದ್ಧದ ತರುವಾಯ ರಾಸಾಯನಿಕ ಕೀಟನಾಶಕಗಳು ಬಂದುವು. ಬಿ.ಎಚ್.ಸಿ., ಲಿಂಡೇನ್ ಎಂಬ ವಿಷಗಳನ್ನು ದುಂಬಿಯ ಹಾರಾಟದ ಕಾಲದಲ್ಲಿ ಕಾಂಡಕ್ಕೆ ಹೊಡೆಯುವುದು ದಶಕಗಳ ಕಾಲ ರೂಢಿಯಾಯಿತು. ಹುಳು ಸಾಯುತ್ತಿದ್ದುದು ನಿಜ. ಆದರೆ ವಿಷವು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಪ್ರಾಣಿಗಳ ಮೇದಸ್ಸಿನಲ್ಲಿಯೂ ಬಹುಕಾಲ ಉಳಿಯತಕ್ಕುದೆಂದು ಲೋಕಕ್ಕೆ ತಿಳಿದುಬಂದಿತು. ಭಾರತದಲ್ಲಿ ಬಿ.ಎಚ್.ಸಿ.ಯು 1997ರಲ್ಲಿ ನಿಷೇಧಿಸಲ್ಪಟ್ಟಿತು. ಲಿಂಡೇನಿನ ಬಳಕೆಯು 2013ರಲ್ಲಿ ನಿಂತಿತು. ವಿಷವನ್ನೇ ನೆಚ್ಚಿ ನೆರಳನ್ನು ಅಲಕ್ಷಿಸಿದ್ದ ತೋಟಗಾರನು ಬಿಡಿಯ ವರದಿಯ ಮಾತಿಗೆ, ಎಂದರೆ ಮೊದಲಿದ್ದ ಸ್ಥಾನಕ್ಕೇ, ಹಿಂದಿರುಗಿದಂತಾಯಿತು.

ವಿಷವಿಲ್ಲದ ಆರೈಕೆ

ಈಗ ಪ್ರಚಾರದಲ್ಲಿರುವ ವಿಷವಿಲ್ಲದ ಕ್ರಮಗಳು ಸರಳವಾದುವು, ಆದರೆ ಶ್ರಮಸಾಧ್ಯವಾದುವು. ಹಾರಾಟಕ್ಕೆ ಮೊದಲು, ಮಾರ್ಚಿಯಲ್ಲೊಮ್ಮೆ ಸೆಪ್ಟೆಂಬರಿನಲ್ಲೊಮ್ಮೆ, ಪ್ರತಿಯೊಂದು ಗಿಡದ ಕಾಂಡವನ್ನೂ ನೋಡಿ, ಉಬ್ಬುಗೆರೆಯೆದ್ದ ಗಿಡಗಳನ್ನು ಗುರುತಿಸಬೇಕು. ತೋಟಗಳಲ್ಲಿ ಇದಕ್ಕೆ ಟ್ರೇಸಿಂಗ್ ಎನ್ನುವರು. ಅಂತಹ ಗಿಡವನ್ನು ಬುಡಸಹಿತ ಕಿತ್ತು ಕೂಡಲೆ ಸುಡಬೇಕು. ಸೌದೆಗಾಗಿ ಒಟ್ಟಿಟ್ಟರೆ ಆ ರಾಶಿಯಿಂದಲೇ ದುಂಬಿಗಳು ಹೊರಟು ತೋಟಕ್ಕೆ ಮರಳುವುವು. ಆರೋಗ್ಯವಾದ ಗಿಡದ ಸಡಿಲವಾದ ಹೊರತೊಗಟೆಯನ್ನು ತೆಂಗಿನ ನಾರಿನ ಕೈಚೀಲದಿಂದ ಮೆಲ್ಲಗೆ ತಿಕ್ಕಿ ತೆಗೆಯಬೇಕು. ಕತ್ತಿ ಮೊದಲಾದ ಹರಿತವಾದ ಸಾಧನಗಳನ್ನು ಬಳಸಿದರೆ ಒಳತೊಗಟೆಗೆ ಗಾಯವಾಗುವುದು. ಇದರಿಂದ ಮೊಟ್ಟೆಯಿಡುವ ಬಿರುಕುಗಳು ಇಲ್ಲದಂತಾಗುವುವು. ನೂರು ಪಾಲಿಗೆ ಹತ್ತು ಪಾಲಿನಂತೆ ಸುಣ್ಣವನ್ನು ನೀರಿನಲ್ಲಿ ಕದಡಿ ಕಾಂಡಕ್ಕೂ ದಪ್ಪ ಕೊಂಬೆಗಳಿಗೂ ಹೊಡೆಯುವುದು ಇನ್ನೊಂದು ಉಪಾಯ. ಈ ಜಾತಿಯಲ್ಲಿ ಗಂಡುದುಂಬಿಯೇ ಗಂಧವನ್ನು ಬೀರಿ ಹೆಣ್ಣನ್ನು ಸೆಳೆಯುವುದರಿಂದ, ಆ ಗಂಧವನ್ನು ಕೃತಕವಾಗಿ ತಯಾರಿಸಿ ಬಲೆಗಳಲ್ಲಿಟ್ಟು ಹೆಣ್ಣುಗಳನ್ನು ಹಿಡಿಯುವ ಕ್ರಮವೂ ಬಳಕೆಗೆ ಬಂದಿದೆ.

ಇವುಗಳನ್ನು ವರಾಹಮಿಹಿರನ ಚಿಕಿತ್ಸೆಯೊಡನೆ ಹೋಲಿಸಿ ನೋಡಬಹುದು. ರೋಗ ತಗುಲಿದ ಭಾಗವನ್ನು ಮೊದಲು ಶಸ್ತ್ರದಿಂದ ಶೋಧಿಸಿ, ವಾಯುವಿಳಂಗ, ತುಪ್ಪ, ಕೆಸರುಗಳ ಲೇಪವನ್ನು ಹಚ್ಚಿ, ಹಾಲು ಬೆರೆತ ನೀರನ್ನೆರೆಯಬೇಕೆಂಬುದು ಆತನ ವಿಧಿ. ಶೋಧನ, ಲೇಪನ, ಪೋಷಣ ಎಂಬ ಮೂರು ಅಂಗಗಳು ಇಲ್ಲಿವೆ. ಟ್ರೇಸಿಂಗ್ ಶೋಧನವಾದರೆ, ಸುಣ್ಣವು ಲೇಪನ. ತರಗು, ಕಾಂಪೋಸ್ಟು, ನೆರಳುಗಳು ಪೋಷಣ. ಹೀಗೆಂದ ಮಾತ್ರಕ್ಕೆ ಪ್ರಾಚೀನರಿಗೆ ಕಾಂಡಕೊರಕದ ಜೀವನವೃತ್ತಾಂತವೆಲ್ಲ ತಿಳಿದಿತ್ತೆಂದು ಸಾಧಿಸುವುದು ಪ್ರಾಮಾಣಿಕತೆಯಲ್ಲ. ಕಾಫಿಯ ಗಿಡವನ್ನು ಅವರು ಕಂಡವರಲ್ಲ. ತಿರುಳು ಹೊಕ್ಕ ಈ ಹುಳುವಿನ ಮುಂದೆ ತುಪ್ಪದ ಲೇಪವು ನಿರರ್ಥಕ. ಅವರಿಂದ ನಾವು ಪಡೆಯತಕ್ಕುದು ಔಷಧದ ಪಟ್ಟಿಯನ್ನಲ್ಲ, ದೃಷ್ಟಿಯನ್ನು. ಮರಕ್ಕೆ ತಗುಲಿದ ವ್ಯಾಧಿಯನ್ನು ಮರದ ಸುತ್ತಣ ಗಾಳಿಬಿಸಿಲುಗಳಿಂದ ಬೇರ್ಪಡಿಸದೆ ನೋಡುವುದೇ ಆ ದೃಷ್ಟಿ.

ಈ ಮಾತು ಕಾಫಿಯೊಂದಕ್ಕೇ ಸಲ್ಲತಕ್ಕುದಲ್ಲವೆಂಬುದಕ್ಕೆ ದೂರದೇಶದ ನಿದರ್ಶನವೊಂದನ್ನು ಕೊಡಬಹುದು. ಜರ್ಮನಿಯ ಹಾರ್ಟ್ಸ್ ಪರ್ವತಗಳ ಸ್ಪ್ರೂಸ್ ಮರಗಳನ್ನು ತೊಗಟೆಯಡಿಯಲ್ಲಿ ಕೊರೆಯುವ ಬೇರೊಂದು ಸಣ್ಣ ದುಂಬಿಯು ಹದಿನೆಂಟನೆಯ ಶತಮಾನದಲ್ಲಿಯೇ ಹಾಳುಗೆಡವಿತು. ಗ್ಮೆಲಿನ್ ಎಂಬ ಪಂಡಿತನು 1787ರಲ್ಲಿ ಅದನ್ನು ಕುರಿತು ಗ್ರಂಥವನ್ನೇ ಬರೆದನು. ಬಲವಾದ ಮರವು ತನ್ನ ಅಂಟುರಸದಿಂದ ಈ ದುಂಬಿಯನ್ನು ಹೊರದೂಡಬಲ್ಲುದು. ನೀರಿಲ್ಲದೆ ಸೊರಗಿದ ಮರಕ್ಕೆ ಆ ಶಕ್ತಿಯಿಲ್ಲ. ಅಲ್ಲಿ ಮಿಶ್ರವಾದ ಕಾಡಿನ ಸ್ಥಾನದಲ್ಲಿ ಸ್ಪ್ರೂಸ್ ಒಂದನ್ನೇ ಸಾಲುಸಾಲಾಗಿ ಬೆಳೆಸಿದ್ದರು. 2018ರಿಂದ ಬಿದ್ದ ಬರದ ವರ್ಷಗಳಲ್ಲಿ ಆ ಬೆಟ್ಟಗಳ ಸ್ಪ್ರೂಸ್ ಕಾಡು ವಿಶಾಲವಾಗಿ ಒಣಗಿ ನಿಂತಿತು. ಹುಳು ಬೇರೆ, ಮರ ಬೇರೆ, ದೇಶ ಬೇರೆ. ಪಾಠ ಮಾತ್ರ ಒಂದೇ.

ಮುಂದಣ ಚಿಂತೆ

ಈ ಇತಿಹಾಸವು ಮುಗಿದುಹೋದುದಲ್ಲ. ಹಳೆಯ ಬಸರಿ, ಅತ್ತಿ, ಗೋಣಿಗಳ ಸ್ಥಾನದಲ್ಲಿ ಬೇಗ ಬೆಳೆದು ನಾಟಾಕ್ಕೆ ಬೆಲೆ ತರುವ ಸಿಲ್ವರ್ ಓಕ್ ಮರಗಳು ಬಹು ತೋಟಗಳನ್ನು ಆಕ್ರಮಿಸಿವೆ. ಮೆಣಸಿನ ಬಳ್ಳಿ ಹಬ್ಬುವುದಕ್ಕೆ ಅದರ ನೆಟ್ಟಗಿನ ಬೊಡ್ಡೆ ಅನುಕೂಲವೇ ಸರಿ. ಆದರೆ ಬಸರಿಯ ಕೊಡೆಯಂತಹ ನೆರಳು ಅದರಿಂದ ಬರಲಾರದು. ಹೆಚ್ಚು ಫಸಲಿನ ಆಸೆಯಿಂದ ನೆರಳನ್ನು ತೆಳುಮಾಡುವುದೂ ನಡೆದಿದೆ. ಇತ್ತ ಬೇಸಗೆಯ ತಾಪವು ಏರುತ್ತಿದೆ, ಹೂಮಳೆಯು ಕಾಲಕ್ಕೆ ಸರಿಯಾಗಿ ಬೀಳುವ ಭರವಸೆಯಿಲ್ಲ. ಕೊರಕದ ಕಾಟವನ್ನು ತಾಳಲಾರದೆ ಅರೇಬಿಕಾ ಕಾಫಿಯನ್ನು ಕಿತ್ತು, ಈ ಹುಳುವಿಗೆ ಸುಲಭವಾಗಿ ತುತ್ತಾಗದ ರೊಬಸ್ಟವನ್ನು ನೆಟ್ಟವರು ಹಲವರು. ಬಾಬಾ ಬುಡನ್ನರ ಬೆಟ್ಟದಲ್ಲಿ ಮೊಳೆತ ಜಾತಿಯೇ ಆ ಬೆಟ್ಟದ ಸುತ್ತಣ ಸೀಮೆಯಿಂದ ಹಿಂಜರಿಯುವಂತಾದರೆ ಅದು ವ್ಯಾಪಾರದ ನಷ್ಟ ಮಾತ್ರವಲ್ಲ.

ಹತ್ತೊಂಬತ್ತನೆಯ ಶತಮಾನದ ತೋಟಗಾರರಿಗೆ ನೆರಳಿನ ಬೆಲೆ ತಿಳಿದಿರಲಿಲ್ಲವೆಂದು ಹೇಳಿ ಅವರನ್ನು ಮನ್ನಿಸಬಹುದು. ಅವರ ನಷ್ಟದ ಕಥೆಯೆಲ್ಲ ಅಚ್ಚಾಗಿ ಕೈಯಲ್ಲಿರುವ ಇಂದಿನವರಿಗೆ ಆ ಸಮಾಧಾನವಿಲ್ಲ. ಬಸರಿಯ ಮರವೊಂದನ್ನು ಕಡಿಯುವುದಕ್ಕೆ ಅರ್ಧದಿನ ಸಾಕು. ಅಂತಹ ನೆರಳು ಮತ್ತೆ ಬರುವುದಕ್ಕೆ ಒಂದು ತಲೆಮಾರು ಬೇಕು. ಕೊಡಲಿಯನ್ನು ಎತ್ತುವ ಮುನ್ನ ಈ ಎರಡು ಕಾಲಗಳ ಅಂತರವನ್ನು ತೋಟಗಾರನು ನೆನೆಯುವುದು ಯುಕ್ತ.